ಫೋಟೋದಲ್ಲಿ ಸಿಕ್ಕ ಕುದುರೆ

ತಿಂಗಳ ಎರಡನೇ ಭಾನುವಾರ ಬಂತೆಂದರೆ ನನಗೆ ಬೆಳಗಿನಿಂದಲೇ ಸಿಟ್ಟು. ಮೊರಿಯೋಕಾ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಸೋಬಾ ಅಂಗಡಿ. ಕೆಳಗೆ ಗಿರಾಕಿಗಳು ಬಿಸಿ ಶಾವಿಗೆಗಾಗಿ ಕಾದು ಕೂತಿದ್ದರೆ, ಮೇಲಿನ ಚಾಪೆಯ ಕೋಣೆಯಲ್ಲಿ ನಮ್ಮ ಯಜಮಾನರು ಎಯ್ಸಾಕು ತಮ್ಮ ಹಳೇ ನಾಣ್ಯದ ಕೂಟ ಕಟ್ಟಿಕೊಂಡು ಕೂತಿರುತ್ತಾರೆ. ಕಿಲುಬು ಹಿಡಿದ ನಾಣ್ಯಗಳನ್ನು ಮೂಗಿನ ತುದಿಗೆ ಹಿಡಿದು ನೋಡುವ ಗಂಡಸರು. "ಆಹಾ" ಅನ್ನುತ್ತಾರೆ, "ಓಹೋ" ಅನ್ನುತ್ತಾರೆ, ಮತ್ತೆ ಚಹಾ ಕೇಳುತ್ತಾರೆ.

ಅದಕ್ಕಿಂತ ಹೆಚ್ಚು ಉರಿಯುವುದು ನನ್ನ ಬಟ್ಟಲುಗಳ ಗತಿ ಕಂಡಾಗ. ನಮ್ಮೂರಿನಲ್ಲಿ ಸೋಬಾ ಬಡಿಸುವುದು ಪುಟ್ಟ ಪುಟ್ಟ, ಅರಗು ಬಳಿದ ಮರದ ಬಟ್ಟಲುಗಳಲ್ಲಿ, ತುತ್ತು ತುತ್ತಾಗಿ; ಉಣ್ಣುವವರು ಸಾಕೆಂದು ಮುಚ್ಚಳ ಹಾಕುವವರೆಗೂ ಬಡಿಸುತ್ತಲೇ ಇರುತ್ತೇವೆ. ಆ ಬಟ್ಟಲುಗಳನ್ನೇ ಕೂಟದವರು ಹರಾಜಿಗೆಂದು ಎತ್ತಿಕೊಂಡು ಹೋಗುತ್ತಾರೆ. ಮಾರುವ ನಾಣ್ಯವನ್ನು ಮರದ ತಟ್ಟೆಯಲ್ಲಿಟ್ಟು ಕೈಯಿಂದ ಕೈಗೆ ದಾಟಿಸುತ್ತಾರೆ. ಪ್ರತಿಯೊಬ್ಬರೂ ನೋಡಿ, ಮುಟ್ಟಿ, ತಮ್ಮ ಬೆಲೆಯನ್ನು ಬಟ್ಟಲಿನ ಒಳಗೆ ಕುಂಚದಿಂದ ಬರೆದು, ಬಟ್ಟಲನ್ನು ಬೋರಲು ಹಾಕುತ್ತಾರೆ. ಮುಖ್ಯಸ್ಥರು ಒಂದೊಂದನ್ನೇ ಎತ್ತಿ ಓದುತ್ತಾರೆ, ಹೆಚ್ಚು ಬರೆದವರಿಗೆ ನಾಣ್ಯ. ಒಮ್ಮೆ ಬೋರಲು ಹಾಕಿದ ಬಟ್ಟಲಿನ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅದು ಅವರ ಅಜ್ಜಂದಿರ ಕಾಲದ ಕಟ್ಟಳೆ. ಒಳಗಿನ ಮಸಿ ತಿಕ್ಕಿ ತೊಳೆಯುವವಳು ಮಾತ್ರ ನಾನು.

ನನ್ನ ಕುದುರೆಯನ್ನು ನುಂಗಿದ್ದು ಇದೇ ಕಟ್ಟಳೆ.

ಕುದುರೆ ಅಂದರೆ ಕಂಚಿನ ಒಂದು ನಾಣ್ಯ. ಮಧ್ಯದಲ್ಲಿ ಚೌಕದ ತೂತು, ಒಂದು ಮಗ್ಗುಲಲ್ಲಿ ಟೋಪಿ ಹಾಕಿದ ಆಳು, ಅವನ ಹಿಂದೆ ಹಗ್ಗ ಹಿಡಿಸಿಕೊಂಡು ಬರುವ ಕುದುರೆ. ಅಂಗಡಿಯಲ್ಲಿ ನಡೆಯುವ ನಾಣ್ಯವಲ್ಲ, ಒಳ್ಳೆಯದಾಗಲಿ ಎಂದು ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು. ನನ್ನ ತವರು ತೋನೊ, ಕುದುರೆ ಸಾಕುತ್ತಿದ್ದ ಜನ. ಮಗು ಹುಟ್ಟಿದ ನೂರನೇ ದಿನ ಮೊದಲ ಊಟದ ಶಾಸ್ತ್ರದಲ್ಲಿ, ಹಲ್ಲು ಗಟ್ಟಿಯಾಗಲಿ ಎಂದು ಬೇರೆ ಮನೆಗಳಲ್ಲಿ ಗುಡಿಯ ಅಂಗಳದ ಕಲ್ಲನ್ನು ತುಟಿಗೆ ಮುಟ್ಟಿಸಿದರೆ, ನಮ್ಮಲ್ಲಿ ಆ ಕುದುರೆಯನ್ನು ಮುಟ್ಟಿಸುತ್ತಿದ್ದರು. ನನ್ನ ಅಜ್ಜಿಗೆ, ಅಮ್ಮನಿಗೆ, ನನಗೆ, ನನ್ನ ಮಗಳು ಮಿಸಾತೊಗೆ, ಎಲ್ಲರಿಗೂ ಅದೇ ಕುದುರೆ. ಚಿತ್ರದ ಕುದುರೆಯ ಹಿಂಭಾಗದಲ್ಲಿ, ಬಾಲದ ಬಳಿ, ಉಗುರು ಇಳಿಯುವಷ್ಟು ಸಣ್ಣ ಗುಂಡಿ ಇತ್ತು. ಎರಕ ಹೊಯ್ಯುವಾಗ ಗಾಳಿ ಸೇರಿದ್ದಿರಬೇಕು. ಅಮ್ಮ ಮಾತ್ರ "ಅಲ್ಲಿ ನೊಣ ಕಚ್ಚಿದೆ ಪುಟ್ಟಿ" ಅನ್ನುತ್ತಿದ್ದಳು. ಚಿಕ್ಕವಳಿದ್ದಾಗ ನಿದ್ದೆ ಬರುವವರೆಗೂ ಆ ಗುಂಡಿಯಲ್ಲಿ ಉಗುರು ಆಡಿಸುತ್ತಾ ಮಲಗುತ್ತಿದ್ದೆ.

ಮಿಸಾತೊಳ ಶಾಸ್ತ್ರ ಮುಗಿದ ಮೇಲೆ ನಮ್ಮ ಯಜಮಾನರು ಅದರ ಮಸಿ ಅಚ್ಚು ತೆಗೆಯುತ್ತೇನೆಂದು ಮೇಲಕ್ಕೆ ಒಯ್ದರು. ಒದ್ದೆ ಕಾಗದವನ್ನು ನಾಣ್ಯದ ಮೇಲೆ ಒತ್ತಿ, ಬಟ್ಟೆಯ ಉಂಡೆಯಿಂದ ಮಸಿ ತಟ್ಟುವುದು. ಉಬ್ಬಿದ ಜಾಗ ಕಪ್ಪಾಗುತ್ತದೆ, ತಗ್ಗು ಬೆಳ್ಳಗೆ ಉಳಿಯುತ್ತದೆ. ಕೂಟದವರಿಗೆ ಇದೇ ಕ, ಕಾ, ಕಿ. ಅಚ್ಚು ತೆಗೆದರು, ಸರಿ. ಆಮೇಲೆ ಮಾತಿನ ಭರದಲ್ಲಿ ಅದನ್ನು ಮಾರುವ ನಾಣ್ಯವೆಂದುಕೊಂಡು ತಾವೇ ಹರಾಜಿನ ತಟ್ಟೆಗೆ ಹಾಕಿಬಿಟ್ಟರು! ಇವರ ಮಾತು ಮುಗಿಯುವಷ್ಟರಲ್ಲಿ ತಟ್ಟೆ ಸುತ್ತು ಹೊಡೆಯಿತು, ಬಟ್ಟಲುಗಳು ಬೋರಲಾದವು, ಕ್ಯೂಶುವಿನಿಂದ ಬಂದಿದ್ದ ಯಾರೋ ಅತಿಥಿಯ ಪಾಲಾಯಿತು. ಅವನ ಅಂಗೈ ಮೇಲೆ ಕಂಡಾಗಲೇ ಇವರಿಗೆ ಗೊತ್ತಾಗಿದ್ದು. "ಅಯ್ಯೋ, ಅದು ನಮ್ಮನೇದು" ಅಂದಿದ್ದರೆ ಮುಗಿದಿತ್ತು. ಅನ್ನಲಿಲ್ಲ. ಕಟ್ಟಳೆ! ಕೆಳಗೆ ಬಂದು ನನಗೆ ಹೇಳಿದ್ದೂ ಅದನ್ನೇ: "ಬೋರಲು ಹಾಕಿದ ಬಟ್ಟಲು ಕಣೇ. ಏನ್ ಮಾಡೋಕಾಗುತ್ತೆ?"

ಮೂವತ್ತು ವರ್ಷವಾಯಿತು. ಅಂದಿನಿಂದ ನಾನು ಆ ತಟ್ಟೆಯನ್ನು ಮುಟ್ಟಿಲ್ಲ. ಇವರು ಹುಡುಕದೆ ಬಿಡಲಿಲ್ಲ, ಸುಳ್ಳು ಹೇಳಬಾರದು. ಎಲ್ಲೆಲ್ಲೋ ನಡೆಯುವ ನಾಣ್ಯದ ಸಂತೆಗಳಿಗೆ ಹೋದರು, ಕಂಡಕಂಡವರನ್ನು ಕೇಳಿದರು, ಈಗ ಫೋನಿನ ಹರಾಜುಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ. ಆದರೆ "ತಪ್ಪಾಯ್ತು" ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಆ ಮಸಿ ಅಚ್ಚು ಮೇಲಿನ ಕೋಣೆಯ ಗೋಡೆಯಲ್ಲಿದೆ. ಕಪ್ಪು ಕುದುರೆ, ಅದರ ಹಿಂಭಾಗದಲ್ಲಿ ಬಿಳಿ ಚುಕ್ಕೆ.

ಈ ವಸಂತದಲ್ಲಿ ಮಿಸಾತೊಗೆ ಹೆಣ್ಣು ಮಗು. ಕೊಹಾರು ಎಂದು ಹೆಸರಿಟ್ಟಿದ್ದಾರೆ. "ಅಮ್ಮಾ, ನೂರನೇ ದಿನಕ್ಕೆ ಕಲ್ಲೇ ಸಾಕು ಬಿಡು, ನೀನು ಅದನ್ನೇ ನೆನೆಸ್ಕೊಂಡು ಕೂರಬೇಡ" ಎಂದು ಮಗಳು ಹೇಳಿದಳು. ನಮ್ಮ ವಂಶದಲ್ಲಿ ಕುದುರೆ ಮುಟ್ಟದ ಮೊದಲ ಮಗು ಇವಳೇ ಆಗುತ್ತಾಳಲ್ಲ ಎಂದು ಅಳು ಬಂತು. ಅಳುವ ಬದಲು ಗಂಡನ ಮೇಲೆ ಕೂಗಾಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಇವರು ಅಡುಗೆಮನೆಗೆ ಬಂದು, ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು.

ಕ್ಯೂಶುವಿನ ಕುಮಾಮೊತೊದ ಯಾವಳೋ ಹೆಣ್ಣುಮಗಳು ಅಜ್ಜನ ಡ್ರಾಯರ್ ಖಾಲಿ ಮಾಡುತ್ತಾ ಹರಾಜಿಗೆ ಹಾಕಿದ್ದಳು. "ಕುದುರೆ ಇರುವ ಹಳೇ ಲೋಹ. ಏನೆಂದು ನನಗೆ ತಿಳಿಯದು" ಎಂದು ಬರೆದಿದ್ದಳು. ಒಂದೇ ಫೋಟೋ, ಅದೂ ಮಂಜು ಮುಸುಕಿದಂತೆ. ಆದರೆ ಆ ಆಳಿನ ಟೋಪಿ, ಆ ಕುದುರೆಯ ಬಾಗಿದ ಕುತ್ತಿಗೆ!

"ನಮ್ಮದೇ ರೀ!"

"ಆತುರ ಬೇಡ. ಫೋಟೋ ನೋಡಿ ನಾಣ್ಯ ಕೊಂಡು ಮುಳುಗಿದೋರು ಊರ ತುಂಬ ಇದ್ದಾರೆ. ಕುದುರೆ ನೋಡಬೇಡ, ಮೊದಲು ತೂತು ನೋಡು."

"ತೂತಲ್ಲಿ ಏನಿದೆ, ನಿಮ್ಮ ತಲೆ!"

"ಹಳೇದಾದ್ರೆ ತೂತಿನ ಅಂಚಲ್ಲಿ ಅರ ಉಜ್ಜಿದ ಗೆರೆ ಇರುತ್ತೆ. ಮೋಸ ಮಾಡೋರು ಮುಖಕ್ಕೆ ಬಣ್ಣ ಬಳೀತಾರೆ, ತೂತಿನ ಗೊಡವೆಗೆ ಹೋಗಲ್ಲ."

ಆ ಹೆಣ್ಣುಮಗಳಿಗೆ ಇನ್ನೊಂದು ಫೋಟೋ ಕಳಿಸಮ್ಮ ಎಂದು ಬರೆದರು. ಪಾಪ, ಕಳಿಸಿದಳು. ಫ್ಲಾಶ್ ಹೊಡೆದು ತೆಗೆದಿದ್ದಳು, ನಾಣ್ಯದ ಬದಲು ಹುಣ್ಣಿಮೆ ಚಂದ್ರ ಬಂದಿತ್ತು. ಫ್ಲಾಶ್ ಬೇಡ, ಕಿಟಕಿ ಹತ್ತಿರ ಇಟ್ಟು ತೆಗೆಯಮ್ಮ ಅಂದರೆ, ಮುಂದಿನದರಲ್ಲಿ ಕುದುರೆಗಿಂತ ಅವಳ ಹೆಬ್ಬೆರಳೇ ಚೆನ್ನಾಗಿ ಬಂದಿತ್ತು. ತೂಕ ಎಷ್ಟು ಎಂದು ಕೇಳಿದ್ದಕ್ಕೆ ಅಕ್ಕಿ ತೂಗುವ ತಕ್ಕಡಿಯ ಮೇಲಿಟ್ಟು, "ಮುಳ್ಳು ಅಲ್ಲಾಡಲೇ ಇಲ್ಲ, ಹಗುರ ಇರಬೇಕು" ಎಂದು ಉತ್ತರಿಸಿದಳು. ಕೊನೆಗೆ ಹರಾಜು ಮುಗಿಯುವ ಭಾನುವಾರದ ಬೆಳಿಗ್ಗೆ ಒಂದು ಸರಿಯಾದ ಫೋಟೋ ಬಂತು. ಬಿಸಿಲಿನಲ್ಲಿ ಓರೆಯಾಗಿ ಹಿಡಿದು ತೆಗೆದದ್ದು. ತೂತಿನ ಅಂಚಿನ ಗೆರೆಗಳೂ ಕಂಡವು. ಅಂದೇ ಕೂಟದ ದಿನ, ಊಟದ ಹೊತ್ತು ಮುಗಿದ ಮೇಲೆ ಫೋನು ಮೇಲಕ್ಕೆ ಹೋಯಿತು. ಹಿಂದೆಯೇ ನಾನೂ ಹೋದೆ.

ಕೂಟದ ಮುಖ್ಯಸ್ಥರು ಓಯ್ಕಾವಾ-ಸಾನ್, ಪಕ್ಕದ ಓಣಿಯ ಕ್ಷೌರಿಕರು; ಅಂಗಡಿಯ ಒಡತಿಯೆಂದು ನನ್ನನ್ನು ಎಲ್ಲರ ಹಾಗೆ ಒಕಾಮಿ ಅನ್ನುತ್ತಾರೆ. ಫೋನನ್ನು ಗೋಡೆಯ ಅಚ್ಚಿನ ಪಕ್ಕ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಉಳಿದವರು ಅವರ ಹೆಗಲ ಮೇಲೆ ಬಗ್ಗಿದರು.

"ಹಳೇದು ಹೌದು. ನಮ್ಮ ಸೀಮೆ ಎರಕವೇ ಹೌದು. ಆದರೆ..." ಎಂದು ಓಯ್ಕಾವಾ-ಸಾನ್ ನಿಲ್ಲಿಸಿದರು.

"ಆದರೆ ಏನು? ಬೇಗ ಹೇಳಿ, ಒಲೆ ಮೇಲೆ ಎಸರಿಟ್ಟು ಬಂದಿದೀನಿ" ಅಂದೆ.

"ಒಕಾಮಿ, ನಿಮ್ಮ ಕುದುರೆ ಹಿಂಭಾಗದಲ್ಲಿ ಅಚ್ಚಲ್ಲಿ ಬಿಳಿ ಚುಕ್ಕೆ ಇದೆ. ಅಂದ್ರೆ ಗುಂಡಿ. ಇದರಲ್ಲಿ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ಅಂದ್ರೆ ಉಬ್ಬು. ಗಂಟು."

"ಗಂಟೇ!" ಎಂದು ಎಲ್ಲರೂ ಒಂದೇ ದನಿಯಲ್ಲಿ ಅಂದರು. ರೈಲು ಓಡಿಸಿ ನಿವೃತ್ತರಾದ ಕುದೋ-ಸಾನ್ ಅಂತೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಗಂಟುಕುದುರೆ... ನಮ್ಮ ತಾತ ಹೇಳ್ತಿದ್ರು, ಇಂಥದ್ದೊಂದು ಇದೆ ಅಂತ" ಎಂದು ತಮ್ಮಷ್ಟಕ್ಕೆ ಗೊಣಗಿದರು.

ನಾನು ನಮ್ಮ ಯಜಮಾನರ ಮುಖ ನೋಡಿದೆ. ಅವರೂ ತಲೆ ತಗ್ಗಿಸಿ, "ಅಲ್ಲ ಕಣೇ. ನಮ್ಮದಲ್ಲ" ಅಂದರು.

ಕೆಳಗೆ ಬಂದೆ. ಸಂಜೆಯ ಸೋಬಾಕ್ಕೆ ಹಿಟ್ಟು ಕಲಸಬೇಕಿತ್ತು, ಕಲಸಿದೆ. ಹಿಟ್ಟಿಗೆ ಬಿದ್ದ ಏಟು ನಿಜವಾಗಿ ಯಾರಿಗೆ ಬೀಳಬೇಕಿತ್ತೋ ಅವರು ಸ್ವಲ್ಪ ಹೊತ್ತಿಗೆ ಮೆಲ್ಲಗೆ ಇಳಿದು ಬಂದು ಕಿಟಕಿಯ ಪಕ್ಕ ನಿಂತರು.

"ಗಂಟಂತೆ! ಜೀವಮಾನವೆಲ್ಲ ನೋಡಿದ್ದು ಗಂಟು, ಗುಂಡಿ, ಗೆರೆ! ಮೊಮ್ಮಗಳ ಬಾಯಿಗೆ ಇಡೋಕೆ ಒಂದು ಕುದುರೆ ತರೋ ಯೋಗ್ಯತೆ ಇಲ್ಲ!" ಎಂದು ಹಿಟ್ಟಿನ ಮುದ್ದೆಗೆ ಹೆಬ್ಬೆರಳನ್ನು ಬುಡದವರೆಗೂ ಚುಚ್ಚಿದೆ.

ತಿರುಗಿ ನೋಡಿದರೆ ಇವರು ಗರ ಬಡಿದವರ ಹಾಗೆ ಹಿಟ್ಟನ್ನೇ ದಿಟ್ಟಿಸುತ್ತಿದ್ದಾರೆ.

"ಏನು ನೋಡ್ತಿದೀರಿ?"

"ಗುಂಡಿ ಕಪ್ಪಗಿದೆ."

"ಗುಂಡಿ ಕಪ್ಪಗಿರದೆ ಕೆಂಪಗಿರುತ್ತಾ? ನೆರಳು ಬಿದ್ದಿದೆ!"

"ನೆರಳು! ತಮಾಯೋ, ನೆರಳು! ಅಚ್ಚಲ್ಲಿ ಗುಂಡಿ ಬಿಳಿ. ಫೋಟೋದಲ್ಲಿ ಗುಂಡಿ ಕಪ್ಪು! ನಾವು ಫೋಟೋನ ಅಚ್ಚು ಅಂತ ಓದಿಬಿಟ್ವಿ. ಎಲ್ಲರೂ. ಒಬ್ಬರಿಗಾದ್ರೂ ಹೊಳೀಬಾರದಾ! ಕಪ್ಪು ಕಂಡ್ರೆ ಉಬ್ಬು ಅಂತ ಕಣ್ಣಿಗೆ ರೂಢಿಯಾಗಿಹೋಗಿದೆ!"

ಫೋನು ತೆಗೆದು ನನ್ನ ಮುಂದಿಟ್ಟರು. ಕಪ್ಪು ಚುಕ್ಕೆ. ಸುತ್ತಲೂ ಸವೆದು ಹೊಳೆಯುವ ಕುದುರೆಯ ಮೈ, ಒಂದು ಪಕ್ಕದಲ್ಲಿ ಬಿಸಿಲಿನ ಸಣ್ಣ ಅಂಚು. ನೊಣ ಕಚ್ಚಿದ ಜಾಗ! ಅಮ್ಮನ ದನಿಯೇ ಕಿವಿಯಲ್ಲಿ ಕೇಳಿದಂತಾಯಿತು.

"ಹರಾಜು ಯಾವಾಗ ಮುಗಿಯುತ್ತೆ?"

"ಈಗ!"

ಫೋನಿನಲ್ಲಿ ಇವರು ಒತ್ತಿದ ಕಡೆಯೆಲ್ಲ ಬೇರೆಯದೇ ತೆರೆದುಕೊಳ್ಳುತ್ತಿತ್ತು. ನನ್ನ ಎರಡೂ ಕೈ ಹಿಟ್ಟು. "ಹಿಡ್ಕೊಳ್ಳಿ ಇಲ್ಲಿ!" ಎಂದು ಗದರಿ, ಬೆರಳ ಗೆಣ್ಣಿನಿಂದ ಹರಾಜಿನ ಕೂಗು ಏರಿಸಿದೆ. ನಾವೇ ಮೇಲೆ ಎಂದು ಫೋನು ತೋರಿಸಿತು.

ತಲೆಯ ಮೇಲೆ, ಮಾಳಿಗೆಯಲ್ಲಿ "ಟಿಂಗ್" ಎಂದು ಶಬ್ದವಾಯಿತು. ಮರುಕ್ಷಣ ನಮ್ಮ ಫೋನಿನಲ್ಲಿ: ಯಾರೋ ನಿಮಗಿಂತ ಹೆಚ್ಚು ಕೂಗಿದ್ದಾರೆ.

"ಯಾವನಿವನು, ಹಾಳಾದವನು!" ಎಂದು ಮತ್ತೆ ಒತ್ತಿದೆ. ಮೇಲೆ ಮತ್ತೆ "ಟಿಂಗ್". ಜೊತೆಗೆ "ಅಯ್ಯೋ, ಯಾರೋ ಬಿಡ್ತಾನೇ ಇಲ್ವಲ್ಲಪ್ಪ" ಎಂಬ ಗೋಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಎಷ್ಟು ಬಟ್ಟಲು ಸೋಬಾ ಬಡಿಸಿಲ್ಲ ನಾನು!

"ಕುದೋ-ಸಾನ್!" ಎಂದು ನಾವಿಬ್ಬರೂ ಒಟ್ಟಿಗೆ ಕಿರುಚಿದೆವು.

ನಮ್ಮದಲ್ಲ ಎಂದು ಕೂಟವೇ ತೀರ್ಮಾನ ಮಾಡಿದ ಮೇಲೆ ಆ ಮನುಷ್ಯ ಗಂಟುಕುದುರೆಯ ಆಸೆಗೆ ಬಿದ್ದಿದ್ದ. ಲಟ್ಟಣಿಗೆ ತೆಗೆದು ಮಾಳಿಗೆಗೆ ಕುಟ್ಟಿದೆ. "ನಿಲ್ಸಿ! ಕುದೋ-ಸಾನ್, ನಿಲ್ಸಿ!" ಮೇಲಿನಿಂದ ಓಯ್ಕಾವಾ-ಸಾನ್ ದನಿ: "ಒಕಾಮಿ ಸಿಟ್ಟಾಗಿದ್ದಾರೆ, ಎಲ್ಲರೂ ಮೆಲ್ಲಗೆ ಮಾತಾಡ್ರಪ್ಪ." ನಾನು ಲಟ್ಟಣಿಗೆ ಹಿಡಿದೇ ಮೆಟ್ಟಿಲು ಹತ್ತಿದೆ, ಹಿಂದೆ ಕಾಲುಚೀಲದಲ್ಲಿ ಜಾರುತ್ತಾ ಇವರು. ಬಾಗಿಲು ಸರಿಸಿದಾಗ ಕುದೋ-ಸಾನ್ ಎರಡೂ ಕೈ ಎತ್ತಿ ಕುಣಿಯುತ್ತಿದ್ದರು.

"ಸಿಕ್ತು! ಗಂಟುಕುದುರೆ ನಂದು! ಹರಾಜು ಮುಗೀತು!"

ಆಮೇಲೆ ನನ್ನ ಮುಖ ನೋಡಿದರು. ಲಟ್ಟಣಿಗೆ ನೋಡಿದರು. ಕೈ ತಾನಾಗಿಯೇ ಕೆಳಗಿಳಿಯಿತು. "ಒಕಾಮಿ, ಮೊದಲು ಅದನ್ನ ಕೆಳಗಿಡಿ."

ಎಯ್ಸಾಕು ಒಂದೇ ಉಸಿರಿನಲ್ಲಿ ನೆರಳಿನ ಕಥೆ ಹೇಳಿದರು. ಓಯ್ಕಾವಾ-ಸಾನ್ ಮತ್ತೆ ಫೋಟೋ ನೋಡಿದರು, ಅಚ್ಚು ನೋಡಿದರು, ಭೂತಗನ್ನಡಿ ಮಡಚಿದರು. "ನಲವತ್ತು ವರ್ಷ ನಾಣ್ಯ ನೋಡಿದೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ನಾಳೆ ಯಾರ ತಲೆ ಕೂದಲಾದ್ರೂ ಉಲ್ಟಾ ಕತ್ತರಿಸ್ತೀನೋ ಏನೋ" ಅಂದರು. ಒಬ್ಬರು ಪುಸಕ್ಕನೆ ನಕ್ಕರು. ಎಲ್ಲರೂ ನಗತೊಡಗಿದರು. ಸಿಟ್ಟಿನ ನಡುವೆ ನನಗೂ ತಡೆಯಲಾಗಲಿಲ್ಲ.

ಕುದೋ-ಸಾನ್ ಮಾತ್ರ ಅಳುಮುಖ ಮಾಡಿಕೊಂಡಿದ್ದರು. "ನಿಮ್ಮದು ಅಂತ ಗೊತ್ತಿದ್ರೆ ನಾನು ಕೈ ಹಾಕ್ತಿದ್ನಾ? ಬಂದ ತಕ್ಷಣ ತಂದು ಕೊಡ್ತೀನಿ."

"ಕೈಗೆ ಕೊಡೋದಲ್ಲ. ತಟ್ಟೆಯಿಂದ ಹೋದದ್ದು ತಟ್ಟೆಯಿಂದಲೇ ಬರಲಿ. ಮಗು ಶಾಸ್ತ್ರಕ್ಕೆ ಮುಂಚೆ ಇನ್ನೊಮ್ಮೆ ಸೇರೋಣ" ಅಂದರು ಓಯ್ಕಾವಾ-ಸಾನ್.

"ಮತ್ತೆ ಅದೇ ತಟ್ಟೇನಾ? ನನ್ನ ಹೊಟ್ಟೆ ಉರಿಸಿದ್ದು ಸಾಲದಾ?"

"ಈ ಸಲ ನಿಮ್ಮ ಮುಂದೆಯೂ ಒಂದು ಬಟ್ಟಲು ಇರುತ್ತೆ, ಒಕಾಮಿ."

ಪಾರ್ಸೆಲ್ ಬರುವವರೆಗೂ ನನಗೆ ಊಟ ಸೇರಲಿಲ್ಲ. ಕಣ್ಣು ಒಮ್ಮೆ ಮೋಸ ಮಾಡಿತು; ಇನ್ನೊಮ್ಮೆ ಮಾಡದು ಎಂದು ಏನು ನಂಬಿಕೆ? ಇಷ್ಟೆಲ್ಲ ಕೂಗಾಡಿ, ಕಡೆಗೆ ನಿಜವಾಗಿಯೂ ಗಂಟಾಗಿದ್ದರೆ? ಇವರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸೌಟು, ಲೋಟ, ಆಲೂಗಡ್ಡೆ ಎಲ್ಲದರ ಫೋಟೋ ತೆಗೆದು ನೆರಳು ಎಲ್ಲಿ ಬಿತ್ತು ಎಂದು ನೋಡುತ್ತಿದ್ದರು.

ಕೂಟ ಮತ್ತೆ ಸೇರಿದ ದಿನ ಅಂಗಡಿಗೆ ಬೀಗ ಹಾಕಿದೆವು. ಕುದೋ-ಸಾನ್ ಪಾರ್ಸೆಲನ್ನು ಬಿಚ್ಚದೆ ಹಾಗೆಯೇ ತಂದಿದ್ದರು. "ಒಬ್ಬನೇ ನೋಡೋಕೆ ಧೈರ್ಯ ಬರಲಿಲ್ಲ" ಅಂದರು. ಎಲ್ಲರ ಎದುರಿಗೆ ಓಯ್ಕಾವಾ-ಸಾನ್ ಕತ್ತರಿ ಹಾಕಿ ಬಿಡಿಸಿದರು. ಆ ಹೆಣ್ಣುಮಗಳು ಅಡುಗೆಮನೆಯ ಕಾಗದದಲ್ಲಿ ಸುತ್ತಿದ್ದಳು. ನಾಣ್ಯ ತಟ್ಟೆಗೆ ಬಿತ್ತು, ತಟ್ಟೆ ಹೊರಟಿತು. ಒಬ್ಬೊಬ್ಬರೂ ಎತ್ತಿ ನೋಡಿದರು. ಎಂದಿನ ಆಹಾ ಇಲ್ಲ, ಓಹೋ ಇಲ್ಲ. ಯಾರ ಮುಖದಲ್ಲೂ ಒಂದು ಗೆರೆ ಅಲ್ಲಾಡಲಿಲ್ಲ. ನೋಡಿ, ಬಟ್ಟಲು ಬೋರಲು ಹಾಕಿ ಮುಂದಕ್ಕೆ ದಾಟಿಸಿದರು.

ತಟ್ಟೆ ನನ್ನ ಮುಂದೆ ಬಂತು. ನೋಡಲು ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿ ಕೈಗೆತ್ತಿಕೊಂಡೆ. ತಣ್ಣಗಿತ್ತು. ಹೆಬ್ಬೆರಳು ಟೋಪಿಯ ಆಳನ್ನು ದಾಟಿತು, ಹಗ್ಗ ದಾಟಿತು, ಬೆನ್ನಿನ ಮೇಲೆ ಹಿಂದಕ್ಕೆ ಹೋಯಿತು. ಉಗುರು ಗುಂಡಿಯೊಳಗೆ ಇಳಿದು, ಅಲ್ಲೇ ನಿಂತಿತು.

"ನೊಣ ಕಚ್ಚಿದೆ" ಅಂದೆ. ಐವತ್ತು ದಾಟಿದ ಹೆಂಗಸು, ಅಷ್ಟು ಜನ ಗಂಡಸರ ನಡುವೆ ಕೂತು ಗೊಳೋ ಎಂದು ಅತ್ತೆ. ಅಳುತ್ತಲೇ ಕುಂಚ ಹಿಡಿದು ಬಟ್ಟಲಿನೊಳಗೆ ದಪ್ಪಕ್ಷರದಲ್ಲಿ "ನಂದು" ಎಂದು ಬರೆದು ಬೋರಲು ಹಾಕಿದೆ.

ಓಯ್ಕಾವಾ-ಸಾನ್ ತಮ್ಮ ಬಟ್ಟಲಿನಿಂದಲೇ ಶುರು ಮಾಡಿದರು. ಖಾಲಿ. ಪಕ್ಕದವರದೂ ಖಾಲಿ. ಅದರ ಪಕ್ಕದ್ದೂ. ಕೆಂಪು ಅರಗು ಹೊಳೆಯುತ್ತಿತ್ತು, ಒಂದು ಹನಿ ಮಸಿ ಇಲ್ಲ. ಕುದೋ-ಸಾನ್ ಬಟ್ಟಲಿನಲ್ಲಿ "ಗಂಟಲ್ಲ, ಗುಂಡಿ. ದಡ್ಡ ನಾನು" ಎಂದಿತ್ತು. ಎಲ್ಲರೂ ಹೋ ಎಂದು ನಕ್ಕರು. ನನ್ನದನ್ನು ಎತ್ತಿ "ನಂದು" ಎಂದು ಗಟ್ಟಿಯಾಗಿ ಓದಿದಾಗ ಚಪ್ಪಾಳೆ ತಟ್ಟಿದರು.

ಉಳಿದದ್ದು ನಮ್ಮ ಯಜಮಾನರದು. ಅವರು ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. "ಇದು ಬಿಡಿ, ಮುಗೀತಲ್ಲ" ಅಂದರು.

"ಕೈ ತೆಗೀರಿ, ಎಯ್ಸಾಕು-ಸಾನ್. ಕಟ್ಟಳೆ" ಎಂದು ಓಯ್ಕಾವಾ-ಸಾನ್ ಬಟ್ಟಲು ಎತ್ತಿದರು. ನೋಡಿದರು. ಓದಲಿಲ್ಲ. ಸುಮ್ಮನೆ ನನ್ನ ಕಡೆಗೆ ತಿರುಗಿಸಿ ಹಿಡಿದರು.

"ತಪ್ಪಾಯ್ತು, ತಮಾಯೋ."

ನನ್ನ ಗಂಡ ಚಾಪೆ ನೋಡುತ್ತಾ ಕೂತಿದ್ದರು, ಕಿವಿಯೆಲ್ಲ ಕೆಂಪು. ನನಗೆ ಮೂವತ್ತು ವರ್ಷದಿಂದ ಕೂಡಿಟ್ಟ ಬೈಗುಳಗಳು ಬೇಕಾದಷ್ಟಿದ್ದವು. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ.

"ಬೋರಲು ಹಾಕಿದ ಬಟ್ಟಲು ರೀ. ಇನ್ನು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ" ಅಂದೆ.

"ಗೊತ್ತು ಕಣೇ. ಅದಕ್ಕೇ ಅಲ್ಲಿ ಬರೆದೆ" ಅಂದರು.

ಕುದೋ-ಸಾನ್‌ಗೆ ದುಡ್ಡಿನ ಮಾತೆತ್ತಿದರೆ ಎರಡೂ ಕೈ ಆಡಿಸಿಬಿಟ್ಟರು. ಸೋಬಾ ಹಾಕಿ ಸಾಕು ಅಂದರು. ಹಾಕಿದೆ. ಅಂದು ಅವರು ಮುಚ್ಚಳಕ್ಕೆ ಕೈ ಚಾಚಿದಾಗಲೆಲ್ಲ ನಾನು ಇನ್ನೊಂದು ತುತ್ತು ಬಡಿಸಿದೆ. ಕೊನೆಗೆ ಮನುಷ್ಯ ಮುಚ್ಚಳವನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ಪ್ರಾಣ ಉಳಿಸಿಕೊಂಡರು.

ಕೊಹಾರುವಿನ ನೂರನೇ ದಿನ ಕೆಂಪು ಕಾಳು ಬೆರೆಸಿದ ಅನ್ನ, ಇಡೀ ಮೀನು, ಸಾರು, ಎಲ್ಲ ಪುಟ್ಟ ಬಟ್ಟಲುಗಳಲ್ಲಿ ಅವಳ ಮುಂದಿಟ್ಟೆವು. ಬಿಸಿ ನೀರಲ್ಲಿ ತೊಳೆದ ಕುದುರೆಯನ್ನು ನಾನು ಅವಳ ತುಟಿಗೆ ಮುಟ್ಟಿಸಿದೆ. ಶಾಸ್ತ್ರಕ್ಕೆ ಮುಟ್ಟಿಸಿದರೆ ಆ ಕಳ್ಳಿ ಒಸಡಿನಿಂದಲೇ ಕಚ್ಚಿ ಹಿಡಿದುಕೊಂಡಳು, ಬಿಡಿಸಲು ಹೋದರೆ ಕಿರುಚಿದಳು. "ಅಜ್ಜಿಯದೇ ಗುಣ" ಅಂದರು ಇವರು. ಮಿಸಾತೊ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಈಗಲೂ ಎರಡನೇ ಭಾನುವಾರ ಮೇಲೆ ಕೂಟ ಸೇರುತ್ತದೆ. ಈಗಲೂ ನನ್ನ ಬಟ್ಟಲುಗಳು ಮಸಿ ಬಳಿದುಕೊಂಡು ಕೆಳಗೆ ಬರುತ್ತವೆ, ನಾನು ಬೈಯುತ್ತಾ ತೊಳೆಯುತ್ತೇನೆ. ಅಂಗಡಿಯ ಕಪಾಟಿನಲ್ಲಿ ಒಂದು ಬಟ್ಟಲು ಮಾತ್ರ ಬೋರಲಾಗಿ ಕೂತಿದೆ. ಗಿರಾಕಿಗಳು ಕೇಳಿದರೂ ಎತ್ತಲು ಬಿಡುವುದಿಲ್ಲ. ಅದನ್ನು ನಾನು ತೊಳೆದಿಲ್ಲ.